ಗಾಜಿನ ಮುಂಬಾಗಿಲು, ಗ್ರೀಸಿನ ಹಿಂಬಾಗಿಲು

ಕಾರಿನ ಆಸೆ ಈಗ ಸಾಹುಕಾರರ ಮನೆಗಷ್ಟೇ ಸೀಮಿತವಲ್ಲ. ದಾವಣಗೆರೆ ಮಂಡಿಪೇಟೆಯ ವ್ಯಾಪಾರಿಗೂ ಬಂದಿದೆ, ಹರಿಹರದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಗುಮಾಸ್ತನಿಗೂ ಬಂದಿದೆ. ಬರಲಿ, ತಪ್ಪೇನು? 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ತನಕ ಅಂಬಾಸಿಡರಿಗೋ ಪದ್ಮಿನಿಗೋ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಆಗ ಡೀಲರೇ ದೇವರು, ಗಿರಾಕಿ ಭಕ್ತ. ಈಗ ಕಾಲ ತಿರುಗಿದೆ. ಗಿರಾಕಿಯ ಕೈಮುಗಿಯುವ ಚಟ ಮಾತ್ರ ಹೋಗಿಲ್ಲ.

ಅರ್ಧ ಕಿಲೋ ಬೇಳೆಗೆ ತಕ್ಕಡಿ ಮುಳ್ಳು ನೋಡುವ ಮನುಷ್ಯ, ಎಂಟು ಲಕ್ಷದ ಕಾರಿಗೆ "ಒಟ್ಟು ಎಷ್ಟಾಗ್ತೈತಿ ಹೇಳ್ರಿ" ಅಂತಷ್ಟೇ ಕೇಳುತ್ತಾನೆ. ಆ ಒಟ್ಟಿನೊಳಗೇ ಇದೆ ಮಜಾ. ಕಾರಿನ ಬೆಲೆ, ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ: ಇವು ಸರಿ. ನಡುವೆ 'ಹ್ಯಾಂಡ್ಲಿಂಗ್ ಚಾರ್ಜು' ಅಂತ ಕೆಲವು ಸಾವಿರ ನುಸುಳಿರುತ್ತದೆ. ಆರ್‌ಟಿಓ ಶುಲ್ಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಇದು ಯಾವ ಬಾಬ್ತು ಎಂದು ಗಟ್ಟಿಯಾಗಿ ಕೇಳಿದರೆ ಎಷ್ಟೋ ಸಲ ಅಲ್ಲೇ ಕರಗಿ ಹೋಗುತ್ತದೆ. ಕೇಳದವನು ಕಟ್ಟುತ್ತಾನೆ.

ವಿಮೆಯದೂ ಇದೇ ಕಥೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದನ್ನು ಶೋರೂಮಿನವರ ಕೈಯಿಂದಲೇ ಕೊಳ್ಳಬೇಕೆಂಬ ಕಾನೂನಿಲ್ಲ. ಹೊರಗೆ ಎರಡು ಕಡೆ ದರ ಕೇಳಿ ಬಂದವನೆದುರು ಇವರ ದರವೂ ಇಳಿಯುತ್ತದೆ.

ಇನ್ನು ಕೆಲವರಿಗೆ ಬೆಂಗಳೂರಿನ ಹುಚ್ಚು. ಅಲ್ಲಿ ಹತ್ತು ಸಾವಿರ ಕಡಿಮೆಯಂತೆ! ಜೀವಾವಧಿ ತೆರಿಗೆ ಇಡೀ ರಾಜ್ಯಕ್ಕೆ ಒಂದೇ ಲೆಕ್ಕ. ಉಳಿಯುವುದೇನಿದ್ದರೂ ಡೀಲರು ಬಿಟ್ಟುಕೊಡುವ ರಿಯಾಯಿತಿ. ಆ ಅಂಕಿಯನ್ನು ಬರೆಸಿಕೊಂಡು ಬಂದು ಪಿ.ಬಿ. ರಸ್ತೆಯ ಶೋರೂಮಿನ ಮೇಜಿನ ಮೇಲಿಟ್ಟರೆ ಇಲ್ಲೂ ಮಾತು ಮೆತ್ತಗಾಗುತ್ತದೆ. ವಾರಂಟಿಯೇನೋ ಆ ಕಂಪನಿಯ ಯಾವ ಅಧಿಕೃತ ವರ್ಕ್‌ಶಾಪಿನಲ್ಲೂ ನಡೆಯುತ್ತದೆ, ನಿಜ. ಆದರೆ ಮಾರಿದವನು ಕೈಗೆಟುಕುವ ದೂರದಲ್ಲಿದ್ದರೆ ಅವನಿಗೂ ಒಂದಿಷ್ಟು ಮುಲಾಜಿರುತ್ತದೆ.

ಹಾಗಾಗಿ ನೋಡಬೇಕಾದದ್ದು ಮುಂದಿನ ಗಾಜಿನ ಬಾಗಿಲನ್ನಲ್ಲ, ಹಿಂದಿನ ವರ್ಕ್‌ಶಾಪನ್ನು. ಮುಂಗಡ ಕೊಡುವ ಮೊದಲು ಒಂದು ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲಬೇಕು. ಸರ್ವಿಸಿಗೆ ಬಂದವರಿಗೆ ಜಾಬ್ ಕಾರ್ಡ್ ಬರೆದುಕೊಡುತ್ತಾರಾ? ಖರ್ಚು ಎಷ್ಟಾಗಬಹುದೆಂದು ಮೊದಲೇ ಹೇಳುತ್ತಾರಾ? ಹೊಸ ಬಿಡಿಭಾಗ ಹಾಕಿದ ಮೇಲೆ ಹಳೆಯದನ್ನು ಕಣ್ಣಿಗೆ ತೋರಿಸುತ್ತಾರಾ? ಸಂಜೆ ಅಂದಿದ್ದು ಸಂಜೆಗೇ ಸಿಗುತ್ತದಾ, ಇಲ್ಲಾ "ನಾಳೆ ಬರ್ರೀ" ಪುರಾಣವೋ? ಕಾಫಿ ಕೊಟ್ಟು ಕೂರಿಸುವ ಹುಡುಗರು ಇದ್ಯಾವುದನ್ನೂ ಹೇಳುವುದಿಲ್ಲ. ಸ್ಟ್ಯಾಂಡಿನ ಟ್ಯಾಕ್ಸಿ ಡ್ರೈವರುಗಳು ಹೇಳುತ್ತಾರೆ. ಅವರ ಹೊಟ್ಟೆಪಾಡೇ ಗಾಡಿ ನಿಲ್ಲದಿರುವುದರಲ್ಲಿದೆ.

ಇಷ್ಟಾಗಿಯೂ ಮೋಸ ಹೋದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಿದೆ. ಕಾರನ್ನು ಬೆಂಗಳೂರಿನಲ್ಲೇ ಕೊಂಡಿದ್ದರೂ ದಾವಣಗೆರೆಯ ನಿವಾಸಿ ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸರ್ವಿಸ್ ಬಿಲ್ಲಿನ ತಕರಾರುಗಳೆಲ್ಲ ಇದರೊಳಗೇ ಬರುತ್ತವೆ. ಎರಡು ವರ್ಷದೊಳಗೆ ಹೋಗಬೇಕು, ಬಿಲ್ಲು ಮತ್ತು ಜಾಬ್ ಕಾರ್ಡು ಕೈಯಲ್ಲಿರಬೇಕು. ಅಷ್ಟು ದೂರ ಬೇಡವೆನ್ನುವವರು ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ನೋಡಬಹುದು.