ಕಿಟಕಿಯ ಪಕ್ಕ ಕುಳಿತವಳು

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕೊನೆಯ ಬೆಂಚು, ಕಿಟಕಿಯ ಪಕ್ಕದ ಜಾಗ. ಗಲಾಟೆಯಿಲ್ಲ, ತಂಟೆಯಿಲ್ಲ. ಕೇಳಿದಷ್ಟಕ್ಕೆ ಉತ್ತರ. ಅವಳ ಪ್ರಗತಿ ಪತ್ರದಲ್ಲಿ ನಾನು 'ಶಾಂತ ಸ್ವಭಾವದ ಹುಡುಗಿ' ಎಂದು ಬರೆದಿದ್ದೆ. ಹೆತ್ತವರ ಸಭೆಯ ದಿನ ಅವಳ ತಾಯಿ ಆ ಸಾಲನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಬಳಿಕ, "ಟೀಚರ್, ಇವಳು ಮೊದಲು ಹೀಗಿರಲಿಲ್ಲ. ಮನೆಯಲ್ಲಿ ಇವಳದ್ದೇ ಮಾತು. ಈಗ ಊಟಕ್ಕೆ ಕರೆದರೆ ಬಟ್ಟಲು ಹಿಡಿದು ಕೋಣೆಗೆ ಹೋಗುತ್ತಾಳೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಮುಗಿಯಿತು" ಎಂದರು.

ನಾನು ಮೆಚ್ಚುಗೆಯೆಂದು ಬರೆದದ್ದು ಆ ತಾಯಿಯ ಪಾಲಿಗೆ ಸಂಕಟವಾಗಿತ್ತು.

ಮರುದಿನ ಅವಳನ್ನು ಬಳಿಗೆ ಕರೆದು ಏನು ಕೇಳುತ್ತೀಯಾ ಎಂದು ವಿಚಾರಿಸಿದೆ. ಬಹಳ ಹಿಂಜರಿದು ಒಂದು ಇಂಗ್ಲಿಷ್ ಹಾಡಿನ ಹೆಸರು ಹೇಳಿದಳು: 'ಮ್ಯಾಡ್ ವರ್ಲ್ಡ್'. ಹುಚ್ಚು ಜಗತ್ತು! ಇಂತಹ ಹಾಡುಗಳೇ ಮಕ್ಕಳನ್ನು ಕೆಡಿಸುವುದು ಎಂದು ನನಗೂ ಮೊದಲು ಅನ್ನಿಸಿತು. ಆದರೆ ಅದರ ಹಿನ್ನೆಲೆಯನ್ನು ಹುಡುಕಿ ಓದಿದಾಗ ನನ್ನ ಅಭಿಪ್ರಾಯ ಬದಲಾಯಿತು. ಅದನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ಇಂಗ್ಲೆಂಡಿನಲ್ಲಿ ಬಾತ್ ಎಂಬ ಹಳೆಯ ಪಟ್ಟಣವಿದೆ. ರೋಲಂಡ್ ಒರ್ಜಬಲ್ ಮತ್ತು ಕರ್ಟ್ ಸ್ಮಿತ್ ಹದಿಹರೆಯದಲ್ಲಿ ಅಲ್ಲಿ ಗೆಳೆಯರಾದರು. ಇಬ್ಬರ ಮನೆಯಲ್ಲೂ ತಂದೆ ತಾಯಿ ಬೇರೆಯಾಗಿದ್ದರು. ಸುಮಾರು 19ರ ವಯಸ್ಸಿನಲ್ಲಿ ಒರ್ಜಬಲ್ ಪಿಜ್ಜಾ ಅಂಗಡಿಯೊಂದರ ಮೇಲಿನ ಮನೆಯಲ್ಲಿ ವಾಸವಾಗಿದ್ದ. ಕಿಟಕಿಯಲ್ಲಿ ನಿಂತರೆ ಕೆಳಗೆ ಪಟ್ಟಣದ ಬೀದಿ. ಜನ ಅವಸರದಿಂದ ಹೋಗುತ್ತಾರೆ, ಅವಸರದಿಂದ ಬರುತ್ತಾರೆ. ಆ ಓಟದಲ್ಲಿ ತನಗೆ ಪಾಲಿಲ್ಲ, ತನ್ನನ್ನು ಯಾರೂ ಗಮನಿಸುವುದೂ ಇಲ್ಲ ಎಂಬ ಭಾವನೆಯಿಂದ ಗಿಟಾರ್ ಹಿಡಿದು ಅವನು ಈ ಹಾಡನ್ನು ಕಟ್ಟಿದ. ಅದನ್ನು ಹಾಡಿದ್ದು ಸ್ಮಿತ್. ಗೆಳೆಯರಿಬ್ಬರ ತಂಡದ ಹೆಸರು 'ಟಿಯರ್ಸ್ ಫಾರ್ ಫಿಯರ್ಸ್', ಅಂದರೆ ಭಯಕ್ಕೆ ಬದಲಾಗಿ ಕಣ್ಣೀರು. ಬಾಲ್ಯದಲ್ಲಿ ಅದುಮಿಟ್ಟ ನೋವನ್ನು ಅತ್ತು ಹೊರಹಾಕಬೇಕು ಎನ್ನುತ್ತಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜಾನೊವ್ ಅವರ ಬರಹಗಳಿಂದ ಬಂದ ಹೆಸರದು. ಜಾನೊವ್ ಅವರ ಚಿಕಿತ್ಸಾ ವಿಧಾನವನ್ನು ವಿಜ್ಞಾನ ಒಪ್ಪಿಕೊಂಡಿಲ್ಲ. ಆದರೆ ತಮ್ಮ ನೋವಿಗೊಂದು ಹೆಸರು ಹುಡುಕುತ್ತಿದ್ದ ಆ ಹುಡುಗರಿಗೆ ಅದು ಆಗ ಸಿಕ್ಕಿದ ಆಸರೆಯಾಗಿತ್ತು.

ಹಾಡು 1982ರಲ್ಲಿ ಬಿಡುಗಡೆಯಾಯಿತು. ಆ ವರ್ಷ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಅನೇಕ ಯುವಕರಿಗೆ ಹೊರಗಿನ ಜಗತ್ತು ತಮ್ಮದಲ್ಲವೆಂದು ಅನ್ನಿಸುತ್ತಿದ್ದ ಕಾಲ. ಹಾಡು ಅಲ್ಲಿನ ಜನಪ್ರಿಯ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿತು. ಅದರ ಚಿತ್ರೀಕರಣದಲ್ಲೂ ಒಬ್ಬ ಕಿಟಕಿಯ ಒಳಗೆ ನಿಂತು ಹೊರಗೆ ನೋಡುತ್ತಿರುತ್ತಾನೆ.

ಹಾಡಿನಲ್ಲಿರುವ ಒಂದು ಸಂಗತಿ ಅಧ್ಯಾಪಿಕೆಯಾದ ನನ್ನನ್ನು ಚುಚ್ಚಿತು. ಅದರಲ್ಲಿ ಶಾಲೆಗೆ ಬಂದ ಒಂದು ಅಂಜಿದ ಮಗುವಿದೆ. ಎದುರಿಗೇ ಶಿಕ್ಷಕರಿದ್ದಾರೆ, ಅವರ ಕಣ್ಣಿಗೆ ಆ ಮಗು ಬೀಳುವುದೇ ಇಲ್ಲ. ಬಾತ್ ಪಟ್ಟಣದ ಯಾವನೋ ಹುಡುಗ ನನ್ನ ತರಗತಿಯನ್ನು ನೋಡಿಯೇ ಬರೆದನೇನೋ ಎಂಬಂತಾಯಿತು.

ಇನ್ನೊಂದು ವಿಷಯವೂ ಗಮನಾರ್ಹ. ಈ ಹಾಡು ಸಿಂತ್-ಪಾಪ್ ಎಂಬ ಬಗೆಗೆ ಸೇರಿದ್ದು. ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದ ನಾದ, ಯಂತ್ರದಂತೆ ಬಡಿಯುವ ತಾಳ, ಕುಣಿಯಬಹುದಾದ ವೇಗ. ಮಾತು ದುಃಖದ್ದು, ತಾಳ ಮಾತ್ರ ಉತ್ಸಾಹದ್ದು. 21 ವರ್ಷಗಳ ಬಳಿಕ, 2003ರಲ್ಲಿ, ಅಮೆರಿಕದ ಮೈಕೆಲ್ ಆ್ಯಂಡ್ರೂಸ್ ಮತ್ತು ಗ್ಯಾರಿ ಜೂಲ್ಸ್ ಅವರ ಧಾಟಿಯಲ್ಲಿ ಅದೇ ಹಾಡು ಬ್ರಿಟನ್ನಿನಲ್ಲಿ ಮತ್ತೆ ಮನೆಮಾತಾಯಿತು. 2001ರ 'ಡಾನಿ ಡಾರ್ಕೊ' ಚಲನಚಿತ್ರಕ್ಕಾಗಿ ಅವರು ಅದನ್ನು ಪಿಯಾನೊ ನುಡಿಸಿ ನಿಧಾನವಾಗಿ, ಮೆಲುದನಿಯಲ್ಲಿ ಹಾಡಿದ್ದರು. ಆ ವರ್ಷದ ಕ್ರಿಸ್‌ಮಸ್ ವೇಳೆಗೆ ಅದು ಮೊದಲ ಸ್ಥಾನದಲ್ಲಿತ್ತು. ಪದಗಳು ಅವೇ. ವೇಗ ತಗ್ಗಿದಾಗ ಒಳಗಿನ ಅಳು ಸ್ಪಷ್ಟವಾಗಿ ಕೇಳಿಸಿತು.

ನಮ್ಮ ಮನೆಗಳಲ್ಲಿಯೂ ಇದೇ ನಡೆಯುತ್ತಿದೆಯಲ್ಲವೇ? ಬೆಳಿಗ್ಗೆ ಎದ್ದರೆ ತಿಂಡಿ, ಟಿಫಿನ್ ಡಬ್ಬಿ, ಶಾಲೆಯ ವಾಹನ. ಸಂಜೆಯಾದರೆ ಹೋಂವರ್ಕ್, ಟ್ಯೂಷನ್, ಅಂಕಗಳ ಲೆಕ್ಕ. ಈ ವೇಗದಲ್ಲಿ ಮಗು 'ಏನಿಲ್ಲ ಉಮ್ಮ' ಎಂದರೆ ನಾವು ಅದನ್ನು ಹಾಗೆಯೇ ನಂಬಿಬಿಡುತ್ತೇವೆ. ಗಲಾಟೆ ಮಾಡುವ ಮಗು ನಮ್ಮನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೌನವಾದ ಮಗುವಿನಿಂದ ನಮಗೆ ತೊಂದರೆಯಿಲ್ಲ. ತೊಂದರೆಯಿಲ್ಲವೆಂದೇ ಅದನ್ನು ಮರೆಯುತ್ತೇವೆ.

ಹಾಗೆಂದು ಮಾತು ಕಡಿಮೆಯಿರುವ ಮಕ್ಕಳೆಲ್ಲ ನೋವಿನಲ್ಲಿದ್ದಾರೆಂದು ಅರ್ಥವಲ್ಲ. ಕೆಲವರ ಹುಟ್ಟುಗುಣವೇ ಹಾಗೆ. ಹದಿಹರೆಯದಲ್ಲಿ ಸ್ವಲ್ಪ ಏಕಾಂತ ಬೇಕೆನಿಸುವುದೂ ಸಹಜ. ನೋಡಬೇಕಾದದ್ದು ಬದಲಾವಣೆಯನ್ನು. ಮಾತುಗಾತಿ ಮೌನಿಯಾದಳೇ? ಗೆಳತಿಯರ ಸಂಗ ಬಿಟ್ಟಳೇ? ಇಷ್ಟದ ಹವ್ಯಾಸ ಮೂಲೆ ಸೇರಿತೇ? ನಿದ್ರೆ, ಹಸಿವು ಏರುಪೇರಾಗಿದೆಯೇ? ವಾರಗಟ್ಟಲೆ ಇದು ಮುಂದುವರಿದರೆ 'ಸೊಕ್ಕು' ಎಂದು ಗದರಬಾರದು, 'ವಯಸ್ಸಿನ ದೋಷ' ಎಂದು ತಳ್ಳಿಹಾಕಲೂ ಬಾರದು. ಮೊಬೈಲ್ ಕಿತ್ತುಕೊಂಡರೆ ಹಾಡು ನಿಲ್ಲಬಹುದು, ಅದನ್ನು ಕೇಳುವಂತೆ ಮಾಡಿದ ನೋವು ನಿಲ್ಲುವುದಿಲ್ಲ. ಎಷ್ಟೋ ವೇಳೆ ಆ ಹಾಡು ಮಗು ಬರೆಯಲಾಗದೆ ಹೋದ ಪತ್ರವಾಗಿರುತ್ತದೆ. ಒಮ್ಮೆ ಅದರ ಪಕ್ಕ ಕುಳಿತು ಇಯರ್‌ಫೋನಿನ ಒಂದು ತುದಿಯನ್ನು ನಮ್ಮ ಕಿವಿಗೂ ಕೇಳಿ ಪಡೆಯೋಣ.

ಮಗು ಸಾವಿನ ಮಾತಾಡಿದರೆ, ತಮಾಷೆಗೆಂದು ತೋರಿದರೂ, ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ. 'ಜನ ಏನೆಂದಾರು' ಎಂಬ ಅಂಜಿಕೆಗೆ ಮಗುವಿನ ಜೀವಕ್ಕಿಂತ ಹೆಚ್ಚು ಬೆಲೆಯಿಲ್ಲ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತಾಡಬಹುದು.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಬುತ್ತಿ ಹಿಡಿದು ಅವಳ ಬೆಂಚಿನಲ್ಲಿ ಕುಳಿತೆ. ಮೂರು ದಿನ ಅವಳೂ ಮಾತಾಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನಾಲ್ಕನೆಯ ದಿನ ಅವಳೇ ಕೇಳಿದಳು, "ಟೀಚರ್, ಆ ಹಾಡು ಕೇಳಿದ್ರಾ?"

"ಕೇಳಿದೆ. ಅದರ ಟೀಚರ್ ಸರಿಯಿಲ್ಲ" ಎಂದೆ.

ಬಹಳ ದಿನಗಳ ಬಳಿಕ ಅವಳು ನಕ್ಕಳು. ಎಲ್ಲವೂ ಅಂದೇ ಸರಿಹೋಗಲಿಲ್ಲ. ಅವಳ ತಾಯಿ ಅವಳನ್ನು ವೈದ್ಯರಿಗೆ ತೋರಿಸಿದರು, ತಿಂಗಳುಗಳೇ ಹಿಡಿದವು. ನಾನಂತೂ ಪ್ರಗತಿ ಪತ್ರದಲ್ಲಿ 'ಶಾಂತ ಸ್ವಭಾವ' ಎಂದು ಬರೆಯುವ ಮುನ್ನ ಈಗ ಆ ಮಗುವಿನ ಪಕ್ಕದಲ್ಲಿ ಒಂದು ದಿನವಾದರೂ ಕುಳಿತು ಊಟ ಮಾಡುತ್ತೇನೆ.