ಕ್ಯಾನ್ಸರಿನ ಹೆಸರಲ್ಲಿ ಮಡಿ

ಮಡಿ ಈಗ ಬಟ್ಟೆ ಬದಲಿಸಿಕೊಂಡಿದೆ. ದನದ ಬಾಡು ತಿಂದರೆ ಪಾಪ ಅಂತಿದ್ದವರು ಈಗ ಕ್ಯಾನ್ಸರ್ ಬರ್ತದೆ ಅಂತಾರೆ. ಪಾಪಕ್ಕೆ ನಾವು ಹೆದರೋದು ಬಿಟ್ಟಿದ್ದೇವೆ ಅಂತ ಅವರಿಗೂ ಗೊತ್ತಾಗಿದೆ. ಅದಕ್ಕೇ ವಿಜ್ಞಾನವನ್ನು ಕರಕೊಂಡು ಬಂದಿದ್ದಾರೆ. ಬರಲಿ. ವಿಜ್ಞಾನ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಅದು ಏನು ಹೇಳಿದೆ ಅಂತ ನಾವೇ ಓದೋಣ.

2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ಮಾತು ಹೇಳಿತು. ಒಂದು: ಉಪ್ಪು ಹಾಕಿ, ಹೊಗೆ ಕೊಟ್ಟು, ರಾಸಾಯನಿಕ ಬೆರೆಸಿ ಕೆಡದಂತೆ ಇಟ್ಟ ಮಾಂಸ ಕ್ಯಾನ್ಸರ್ ತರುತ್ತದೆ. ಅದನ್ನು ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇಕಡಾ 18ರಷ್ಟು ಹೆಚ್ಚುತ್ತದೆ. ಎರಡು: ಕೆಂಪು ಮಾಂಸ ಬಹುಶಃ ಕ್ಯಾನ್ಸರ್ ತರಬಹುದು. ಕೆಂಪು ಮಾಂಸ ಅಂದರೆ ದನದ್ದೊಂದೇ ಅಲ್ಲ. ಕುರಿ, ಮೇಕೆ, ಹಂದಿ ಎಲ್ಲವೂ ಕೆಂಪೇ. ಊರ ಗೌಡರ ಬಾಡೂಟದ ಕುರಿಗೆ ಅಂಟದ ಕ್ಯಾನ್ಸರ್ ಕೇರಿಯ ಮಡಕೆಗೆ ಮಾತ್ರ ಎಲ್ಲಿಂದ ಅಂಟಿತು?

ಆ 'ಬಹುಶಃ' ಪಟ್ಟಿಯಲ್ಲಿ ಇನ್ನೂ ಯಾರ್ಯಾರಿದ್ದಾರೆ ನೋಡಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಇದೆ. ಕಾದ ಎಣ್ಣೆಯಲ್ಲಿ ಕರಿಯುವಾಗ ಏಳೋ ಹೊಗೆ ಇದೆ. ರಾತ್ರಿ ಪಾಳಿಯ ಕೆಲಸ ಇದೆ. ಕಾಫಿ ಆರಿಸಿ ಕುಡೀರಿ ಅಂತ ಯಾರಾದರೂ ಪ್ರವಚನ ಮಾಡಿದರಾ? ಬಾಣಲೆ ಮುಂದೆ ಕೂತು ವಡೆ ಕರಿಯೋರಿಗಾಗಿ, ರಾತ್ರಿಯೆಲ್ಲ ದುಡಿಯೋ ನಮ್ಮ ಅಣ್ಣಂದಿರಿಗಾಗಿ ಯಾರಾದರೂ ಕಣ್ಣೀರು ಹಾಕಿದರಾ? ಈ ಪಟ್ಟಿ ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ. ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಇದನ್ನು ಆ ಸಂಸ್ಥೆಯೇ ಬಿಡಿಸಿ ಹೇಳಿದೆ. ನಮ್ಮ ಬುದ್ಧಿವಂತರು ಅಷ್ಟನ್ನು ಮಾತ್ರ ಓದದೆ ಬಿಟ್ಟರು.

ಇನ್ನು ರಕ್ತದ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ. ರಾಗಿಯಲ್ಲಿ, ಸೊಪ್ಪಿನಲ್ಲಿ ಕಬ್ಬಿಣದ ಅಂಶ ಉಂಟು, ಆದರೆ ಮೈ ಅದನ್ನು ಹೀರೋದು ಕಡಿಮೆ. ಮಾಂಸದ ಕಬ್ಬಿಣ ಬೇಗ ಮೈಗೆ ಹತ್ತುತ್ತದೆ. ರಕ್ತಕ್ಕೂ ನರಕ್ಕೂ ಬೇಕಾದ ಬಿ12 ಸೊಪ್ಪು ಕಾಳಲ್ಲಿ ಸಿಗೋದೇ ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ದನದ ಬಾಡು ಕುರಿಗಿಂತ ಎಷ್ಟೋ ಅಗ್ಗ. ಬಡವನ ಕೈಗೆ ಎಟುಕೋದನ್ನೇ ಕಿತ್ತುಕೊಂಡು ಬಾದಾಮಿ ತಿನ್ನು ಅನ್ನೋದು ಯಾವ ಸೀಮೆ ಆರೋಗ್ಯ ಶಾಸ್ತ್ರ?

ಇವರ ಕಾಳಜಿ ಆರೋಗ್ಯದ್ದಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಾ? 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿ ಕಡೆಯ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಅಡ್ಡ ನಿಂತರು. ಮೊಟ್ಟೆಯೇನು ಕೆಂಪು ಮಾಂಸವಾ?

ಹಾಗಂತ ಮೂರು ಹೊತ್ತೂ ಬಾಡು ತಿನ್ನೋದೇ ಕ್ರಾಂತಿ ಅಂತ ನಾವು ಹೇಳೋದಿಲ್ಲ. ಅವರ ಮೇಲಿನ ಸಿಟ್ಟಿಗೆ ನಮ್ಮ ಕರುಳು ಸುಟ್ಟುಕೊಳ್ಳೋದು ಬೇಡ. ಬೇಯಿಸಿದ ಲೆಕ್ಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ಮೀರಬೇಡಿ ಅಂತಾರೆ ಕ್ಯಾನ್ಸರ್ ತಜ್ಞರು. ನಮ್ಮ ಎಷ್ಟು ಮನೆಗಳಲ್ಲಿ ತಲೆಗೆ ಅಷ್ಟು ಬಾಡು ಬರ್ತದೆ, ನೀವೇ ಹೇಳಿ. ಉಪ್ಪು ಸವರಿ ಒಣಗಿಸಿಟ್ಟ ಬಾಡು, ಅಂಗಡಿಯ ಸಾಸೇಜು ಕಡಿಮೆ ಮಾಡೋಣ. ಕೆಂಡದ ಮೇಲೆ ಕರಕಲು ಮಾಡದೆ ಚೆನ್ನಾಗಿ ಬೇಯಿಸೋಣ. ಜೊತೆಗೆ ಸೊಪ್ಪು, ಕಾಳು ಇರಲಿ.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದರು. ಅದು ಸ್ವಾಭಿಮಾನದ ಮಾತು. ನಮ್ಮವರು ನಮಗೆ ಹೇಳಿದ್ದು. ಅದನ್ನು ಕೇಳಿದ್ದೇವೆ. 3ರಿಂದ 7 ವರ್ಷ ಜೈಲು ಅನ್ನೋ 2020ರ ಗೋಹತ್ಯೆ ನಿಷೇಧ ಕಾಯ್ದೆ ಮಾತ್ರ ಯಾವ ಆಸ್ಪತ್ರೆಯಿಂದಲೂ ಬಂದದ್ದಲ್ಲ.

ಹಾಸ್ಟೆಲಿನ ಗೆಳೆಯರೆ, ಗೆಳತಿಯರೆ, ಕೇಳಬೇಕಾದ್ದನ್ನು ಕೇಳೋಣ. ವಾರದ ಪಟ್ಟಿಯಲ್ಲಿ ಬರೆದ ಮೊಟ್ಟೆ, ಬಾಡು ತಟ್ಟೆಗೆ ಬರಲಿ. ಸಾರಿನಲ್ಲಿ ಸೊಪ್ಪು ಕಣ್ಣಿಗೆ ಕಾಣಲಿ. ವರ್ಷಕ್ಕೆರಡು ಸಲ ಎಲ್ಲರ ರಕ್ತ ಪರೀಕ್ಷೆ ಆಗಲಿ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಡಾಕ್ಟರು ಹೇಳಿದರೆ ಕೂತು ಕೇಳೋಣ. ಜಾತಿ ಬಂದು ಹೇಳಿದರೆ ಬಾಗಿಲು ತೋರಿಸೋಣ.

ಜೈ ಭೀಮ್.