ಕೋರೇಗಾವದಲ್ಲಿ ನೀರು ಕೊಡೋಣ



ಪ್ರತಿ ವರ್ಷ ಜನವರಿ 1ಕ್ಕೆ ನಮ್ಮ ಬೆಳಗಾವಿ ಜಿಲ್ಲೆಯಿಂದಲೂ ಜನ ನಿಪ್ಪಾಣಿ, ಕೊಲ್ಹಾಪುರ ದಾಟಿ ಪುಣೆ ಹತ್ತಿರದ ಭೀಮಾ ಕೋರೇಗಾವಕ್ಕೆ ಹೋಗುತ್ತಾರೆ. ಕಂಬದ ಮುಂದೆ ಮೇಣದಬತ್ತಿ ಹಚ್ಚಿ, ಹೂವಿಟ್ಟು ಬರುತ್ತಾರೆ. ಮಮದಾಪುರ, ಗೋಕಾಕ, ಮೂಡಲಗಿ, ಹುಕ್ಕೇರಿಯ ಹಾಸ್ಟೆಲ್ ಹುಡುಗ ಹುಡುಗಿಯರೂ ಹೋಗಬೇಕು. ಆದರೆ ಬತ್ತಿ ಹಚ್ಚಿ, ಫೋಟೋ ತೆಗೆಸಿಕೊಂಡು ಬಸ್ ಹತ್ತಿದರೆ ಸಾಲದು. ಅಲ್ಲಿ ಸ್ವಯಂಸೇವಕರಾಗಿ ದುಡಿಯಬೇಕು ಅನ್ನೋದು ನಮ್ಮ ಮಾತು.

'ಇಂಗ್ಲಿಷರ ಕಂಬಕ್ಕ ಯಾಕ ಕೈ ಮುಗೀತೀರಿ?' ಅಂತ ಕೇಳೋರಿದ್ದಾರೆ. ನಾವು ಇಂಗ್ಲಿಷರಿಗೆ ಕೈ ಮುಗಿಯೋದಿಲ್ಲ. ನಮ್ಮವರ ರಕ್ತದಿಂದ ಗೆದ್ದವರೇ 1890ರ ದಶಕದಲ್ಲಿ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. ಪೇಶ್ವೆಯರ ರಾಜ್ಯದಲ್ಲಿ ಅಸ್ಪೃಶ್ಯರು ಕೊರಳಿಗೆ ಗಡಿಗೆ, ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತಿರುಗಬೇಕಿತ್ತು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಅಂಥ ಕಾಲದಲ್ಲೂ ಕೈಯಲ್ಲಿ ಬಂದೂಕು ಹಿಡಿದು ಎದೆಯೊಡ್ಡಿ ನಿಂತವರ ಹೆಸರು ಓದಲು ನಾವು ಹೋಗುತ್ತೇವೆ.

ಅಂದು ನಡೆದದ್ದೇನು? 1817ರ ಡಿಸೆಂಬರ್ 31ರ ರಾತ್ರಿ ಸುಮಾರು 800 ಮಂದಿಯ ಕಂಪನಿ ಪಡೆ ಶಿರೂರಿನಿಂದ ಹೊರಟಿತು. ರಾತ್ರಿಯಿಡೀ ನಡೆದು ಬೆಳಿಗ್ಗೆ ಕೋರೇಗಾವ ಮುಟ್ಟಿದರೆ ಎದುರಿಗೆ ಎರಡನೇ ಬಾಜಿರಾಯನ ಸೈನ್ಯ. ಹೊಟ್ಟೆಗೆ ಅನ್ನವಿಲ್ಲ. ಪಕ್ಕದಲ್ಲೇ ಭೀಮಾ ನದಿ, ಆದರೂ ಕುಡಿಯಲು ನೀರಿಲ್ಲ. ಹಗಲೆಲ್ಲ ಬಾಯಾರಿಕೊಂಡೇ ಕಾದಿದರು. ನೀರು ಸಿಕ್ಕಿದ್ದು ಕತ್ತಲಾದ ಮೇಲೆ. ಆ ರಾತ್ರಿ ಪೇಶ್ವೆ ಸೈನ್ಯ ಹಿಂದೆ ಸರಿಯಿತು.

'500 ಮಹಾರರು 28,000 ಮಂದಿಯನ್ನು ಕೊಂದರು' ಅಂತ ಭಾಷಣದಲ್ಲಿ ಕೂಗೋದು ಬೇಡ. ಪೇಶ್ವೆಯ ದೊಡ್ಡ ಸೈನ್ಯದಲ್ಲಿ ಊರೊಳಗೆ ನುಗ್ಗಿ ಕಾದವರು ಸುಮಾರು 2,000. ಕಂಪನಿ ಪಡೆಯಲ್ಲಿ ಮರಾಠರೂ ಮುಸಲ್ಮಾನರೂ ಇದ್ದರು. ಕಂಬದ ಮೇಲೆ ಸತ್ತ 49 ಮಂದಿಯ ಹೆಸರಿದೆ, ಅದರಲ್ಲಿ 22 ಹೆಸರು 'ನಾಕ್' ಎಂದು ಮುಗಿಯುವ ಮಹಾರರವು. ಇಷ್ಟು ಸತ್ಯ ಸಾಕು. ಸುಳ್ಳು ಸೇರಿಸಿದರೆ ವೈರಿಗೆ ನಾವೇ ಕಲ್ಲು ಕೊಟ್ಟಂತೆ.

1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ನಿಂತರು. ಅದೇ ವರ್ಷ ಮಾರ್ಚ್ 20ಕ್ಕೆ ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದರು. ಕೋರೇಗಾವದಿಂದ ಮಹಾಡಕ್ಕೆ ಮೂರು ತಿಂಗಳೂ ಆಗಲಿಲ್ಲ!

ಇವತ್ತು ಬಾಬಾಸಾಹೇಬರು ಕಟ್ಟಿದ ಸಮತಾ ಸೈನಿಕ ದಳದವರು ಅಲ್ಲಿ ಶಿಸ್ತಿನಿಂದ ನಿಂತು ವಂದನೆ ಕೊಡುತ್ತಾರೆ. ಲಕ್ಷಗಟ್ಟಲೆ ಜನ ಬರುವ ಜಾಗ. ನೀರು ಹಂಚಬೇಕು, ಮುದುಕರ ಕೈ ಹಿಡಿದು ಸಾಲು ದಾಟಿಸಬೇಕು, ತಪ್ಪಿಸಿಕೊಂಡ ಮಕ್ಕಳನ್ನು ತಾಯಿಗೆ ಮುಟ್ಟಿಸಬೇಕು, ಉರಿದ ಬತ್ತಿ, ಬಾಟಲಿ ಬಳಿಯಬೇಕು. ಶಾಲೆಯಲ್ಲಿ ಸ್ಕೌಟ್ ಸ್ಕಾರ್ಫ್ ಕಟ್ಟಿದವರಿಗೆ ಇದು ಹೊಸ ಕೆಲಸವಲ್ಲ. 2018ರ ಜನವರಿ 1ರಂದು ಅಲ್ಲಿ ಕಲ್ಲು ತೂರಿದರು, ಗಾಡಿಗಳಿಗೆ ಬೆಂಕಿ ಇಟ್ಟರು. ಅದಕ್ಕೇ ಗದ್ದಲ ಎದ್ದರೆ ಜನರನ್ನು ಕೂರಿಸಬಲ್ಲ, ದಾರಿ ತೋರಿಸಬಲ್ಲ ಹುಡುಗರು ಬೇಕು.

ಬಾಯಾರಿ ಸತ್ತವರ ನೆಲದಲ್ಲಿ ಯಾವ ಜಾತಿ ಅಂತ ಕೇಳದೆ ಒಂದು ಲೋಟ ನೀರು ಕೊಡೋದು ಸಣ್ಣ ಕೆಲಸವಲ್ಲ. ಅಲ್ಲಿ ಕಲಿತದ್ದನ್ನು ಊರಿಗೆ ತನ್ನಿ. ಬೇರೆ ಲೋಟ ಇಡುವ ಹೋಟೆಲು, ಮೇಲಿಂದ ನೀರು ಸುರಿಯುವ ಕಟ್ಟೆ ಎಲ್ಲಿ ಕಂಡರೂ ನಾಲ್ಕು ಜನ ಸೇರಿ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಒಟ್ಟಾಗಿ ಹೋಗಿ.

ಜೈ ಭೀಮ್!